ಕುತ್ತಿಗೆಯ ಸುಳ್ಳು ಮತ್ತು ಒಂದು ಗಟ್ಟಿ ರಾಳ

ಸುಳ್ಳಿನಲ್ಲಿ ಹಲವು ಜಾತಿಗಳಿವೆ. ನಾಲಿಗೆಯಿಂದ ಹೇಳಿದ ಸುಳ್ಳನ್ನು ಅದೇ ನಾಲಿಗೆಯಿಂದ ಇನ್ನೊಂದು ಹೇಳಿ ಮುಚ್ಚಬಹುದು. ಕಾಗದದ ಮೇಲೆ ಬರೆದ ಸುಳ್ಳಿಗೂ ಪರಿಹಾರವಿದೆ. ಜೀವನವಿಡೀ ಗುಮಾಸ್ತಿಕೆ ಮಾಡಿದವನಾದ್ದರಿಂದ ಇದನ್ನು ಅಧಿಕಾರವಾಣಿಯಿಂದಲೇ ಹೇಳುತ್ತೇನೆ: ಕಾಗದ ಬೇಗ ಕೈಗೆ ಸಿಗದಂತೆ ನೋಡಿಕೊಂಡರಾಯಿತು. ನನ್ನದು ಮಾತ್ರ ಈ ಎರಡೂ ಜಾತಿಗೆ ಸೇರದ್ದು. ನಾನು ಹೇಳಿದ ಸುಳ್ಳು ಕುತ್ತಿಗೆಯಿಂದ ಹೇಳಿದ್ದು. ಅದಕ್ಕೆ ಸಾಕ್ಷಿ ಇಲ್ಲ, ಬರಹ ಇಲ್ಲ, ಹಿಂತೆಗೆದುಕೊಳ್ಳಲು ಮಾತೂ ಇಲ್ಲ. ನಲವತ್ತು ವರ್ಷಗಳಿಂದ ಅದನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದೇನೆ. ಅಕ್ಷರಶಃ ಹೆಗಲ ಮೇಲೆಯೇ, ಏಕೆಂದರೆ ಆ ಸುಳ್ಳು ಎಂದರೆ ನನ್ನ ತಲೆ.

ಆಗ ನನಗೆ ಇಪ್ಪತ್ತೆಂಟೋ ಮೂವತ್ತೋ. ಕಚೇರಿಯ ಎಂಜಿನಿಯರ್ ಸಾಹೇಬರು ಸಂಗೀತದ ಹುಚ್ಚಿನವರು. ಒಂದು ಸಂಜೆ ನನ್ನನ್ನೂ ಜೀಪಿನಲ್ಲಿ ಹಾಕಿಕೊಂಡು ಕಛೇರಿಗೆ ಹೋದರು. ಇದು ಕಡತಗಳ ಕಚೇರಿಯಲ್ಲ, ಹಾಡುಗಾರಿಕೆಯ ಕಛೇರಿ. ಎರಡರಲ್ಲೂ ನಾನು ಮಾಡುತ್ತಿದ್ದುದು ಒಂದೇ ಕೆಲಸ ಎಂಬುದು ಬೇರೆ ಮಾತು. ಆ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಹೋಳಿಗೆ ಊಟ. ಹಾಡುಗಾರರು ಆಲಾಪನೆ ಎತ್ತಿಕೊಂಡ ಐದೇ ನಿಮಿಷಕ್ಕೆ ನನಗೆ ತೂಕಡಿಕೆ ಹತ್ತಿತು. ತಲೆ ಎಡಕ್ಕೆ ಬೀಳುವುದು, ಎಚ್ಚರವಾಗಿ ಬಲಕ್ಕೆ ಎತ್ತುವುದು, ಮತ್ತೆ ಬೀಳುವುದು. ಹೀಗೆ ಎರಡೂವರೆ ಗಂಟೆ. ಮುಗಿದಾಗ ಸಾಹೇಬರು ನನ್ನ ಬೆನ್ನು ತಟ್ಟಿ, ಎಲ್ಲರೆದುರು, "ಇಂಥ ರಸಿಕನನ್ನು ನಾನು ಕಂಡೇ ಇಲ್ಲ, ಕಣ್ಣು ಸಹ ಬಿಡಲಿಲ್ಲ ನೋಡಿ" ಎಂದರು. ಮೇಲಧಿಕಾರಿಯ ಮಾತನ್ನು ತಿದ್ದುವುದು ನೌಕರಿಯ ನಡತೆಗೆ ವಿರುದ್ಧ. ನಾನು ತಿದ್ದಲಿಲ್ಲ.

ಮುಂದಿನ ಕಛೇರಿಗೆ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಬಂತು. ಅದರ ಮುಂದಿನದಕ್ಕೆ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ. ಕಾಲ ಸರಿದಂತೆ ಎಚ್ಚರವಾಗಿದ್ದಾಗಲೂ ತಲೆ ಅಲ್ಲಾಡಿಸುವುದನ್ನು ರೂಢಿಸಿಕೊಂಡೆ. ಹಿಂದೆ ಕುಳಿತವರು ನನ್ನ ತಲೆ ನೋಡಿ ಇಲ್ಲೇನೋ ಘನವಾದದ್ದು ನಡೆಯಿತು ಎಂದು ತಿಳಿದು ತಾವೂ ತಲೆ ಅಲ್ಲಾಡಿಸುತ್ತಿದ್ದರು. ಹಾಡು ಮುಗಿದು ನಾನು ಕೊನೆಯ ಸಲ ಗಟ್ಟಿಯಾಗಿ ತಲೆ ತೂಗಿದರೆ ಚಪ್ಪಾಳೆ. ಅವರಿಗೂ ಸಂಗೀತ ನನ್ನಷ್ಟೇ ಗೊತ್ತಿತ್ತೆಂದು ಈಗ ಅನುಮಾನ ಬರುತ್ತಿದೆ. ಆದರೆ ಇದು ಹೊಸಪೇಟೆ, ಕಂಪ್ಲಿ, ಸಂಡೂರು ಮೂರೂ ಊರಿಗೆ ಒಗ್ಗಿಹೋದ ಪದ್ಧತಿ. ಅಣೆಕಟ್ಟಿನ ಗೇಟು ಎತ್ತುವುದಕ್ಕೆ ಒಬ್ಬ ನೌಕರನಿರುವಂತೆ, ಚಪ್ಪಾಳೆಯ ಗೇಟಿಗೆ ನಾನಿದ್ದೆ.

ಹೀಗೆ ನಿಶ್ಚಿಂತೆಯಿಂದಿದ್ದ ನನ್ನ ಬಾಳಿಗೆ ಮೊದಲ ಸಿಡಿಲು ಬಡಿದದ್ದು ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರಾದ ವೀರಬಸಪ್ಪ ಸಾಹುಕಾರರ ರೂಪದಲ್ಲಿ. ಅವರೂ ಇನ್ನು ಕೆಲವರೂ ಸೇರಿ ಒಂದು 'ಸಂಗೀತ ವಾಸ್ತವ್ಯ' ಏರ್ಪಡಿಸಿದ್ದರು. ಅಧಿಕಾರಿಗಳ ಗ್ರಾಮ ವಾಸ್ತವ್ಯ ಕೇಳಿದ್ದೆ. ಅವರು ಒಂದು ರಾತ್ರಿ ಇದ್ದು ಬೆಳಿಗ್ಗೆ ಹೋಗುತ್ತಾರೆ. ಇದು ಪಿಟೀಲಿನ ವಾಸ್ತವ್ಯ. ಈಗಷ್ಟೇ ವೇದಿಕೆ ಹತ್ತುತ್ತಿರುವ ನಾಲ್ವರು ವಯಲಿನ್ ವಾದಕರು ನಮ್ಮ ಭಾಗಕ್ಕೆ ಬಂದು, ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ವಾರಗಟ್ಟಲೆ ಉಳಿಯುವುದು, ಮನೆಯವರ ಜೊತೆ ಉಣ್ಣುವುದು, ಶಾಲೆ, ಅಂಗನವಾಡಿ, ಹಂಪಿಯ ಬಾಳೆತೋಟ ಎನ್ನದೆ ಕರೆದಲ್ಲಿ ನುಡಿಸುವುದು, ಕೊನೆಗೆ ಒಂದು ಭಾನುವಾರ ಪೂರ್ಣ ಕಛೇರಿ ಕೊಟ್ಟು ಮರುದಿನ ಊರಿಗೆ ಹೋಗುವುದು. ಸಂಡೂರಿಗೊಬ್ಬ, ಹಂಪಿಗೊಬ್ಬ, ಕಂಪ್ಲಿಗೊಬ್ಬಳು. ಹೊಸಪೇಟೆಗೆ?

"ಅದನ್ನೂ ಕೇಳಬೇಕೇನ್ರಿ ಸರ್?" ಎಂದರು ಸಾಹುಕಾರರು ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತ. "ನಿಮ್ಮಂಥಾ ರಸಿಕರ ಮನ್ಯಾಗ ಇರಲಿಲ್ಲಂದ್ರ ಆ ಪಿಟೀಲು ಇನ್ಯಾರ ಮನ್ಯಾಗ ಇರಬೇಕು ಹೇಳ್ರಿ? ಪಾಪ, ಆ ಹುಡುಗಿಗೆ ದಿನಾ ತಿದ್ದಿ ಹೇಳಾಕ ಒಬ್ರು ಬೇಕಲ್ಲ."

ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಗೌರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಲೋಕದಲ್ಲಿ ನನ್ನ ತಲೆಯ ನಿಜಸ್ಥಿತಿ ಬಲ್ಲವಳು ಅವಳೊಬ್ಬಳೇ.

ಬಂದ ಹುಡುಗಿಯ ಹೆಸರು ಸಹನಾ. ಹಾಸನದವಳು, ಇಪ್ಪತ್ತನಾಲ್ಕು ವರ್ಷ. ಎಂಟು ವರ್ಷದಿಂದ ಹಾಡುಗಾರರಿಗೆ ಪಕ್ಕವಾದ್ಯ ನುಡಿಸುತ್ತಿದ್ದಳಂತೆ. "ಯಾವಾಗಲೂ ಪಕ್ಕಕ್ಕೇ ಕೂತಿದ್ದೀನಿ ಸಾರ್. ಅವರು ಹಾಡಿದ ದಾರೀಲಿ ಹಿಂದೆ ಹಿಂದೆ ಹೋಗೋದು. ವೇದಿಕೆ ನಡುವೆ ಕೂತು ನನ್ನದೇ ಅಂತ ನುಡಿಸೋದು ಇದೇ ಮೊದಲು. ಇದು ಸರಿ ಹೋಗದಿದ್ರೆ ಮತ್ತೆ ಪಕ್ಕಕ್ಕೇ" ಎಂದಳು, ಮೊದಲ ದಿನದ ಊಟದಲ್ಲಿ, ಜೋಳದ ರೊಟ್ಟಿಯನ್ನು ಯಾವ ಕಡೆಯಿಂದ ಮುರಿಯಬೇಕೆಂದು ನೋಡುತ್ತ. ಒಬ್ಬರು ಅರ್ಹತೆಯಿದ್ದೂ ಎಂಟು ವರ್ಷ ಪಕ್ಕದಲ್ಲಿ, ಇನ್ನೊಬ್ಬರು ಏನೂ ಇಲ್ಲದೆ ನಲವತ್ತು ವರ್ಷ ನಡುವಿನ ಕುರ್ಚಿಯಲ್ಲಿ. ನೀರಿಗೆ ಕೈ ಚಾಚಿದೆ. ಗೌರಮ್ಮ ನೀರು ಕೊಟ್ಟಳು. ಕೊಡುವಾಗ ನನ್ನ ಮುಖವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಬೆಳಿಗ್ಗೆ ಐದಕ್ಕೆ ಅವಳ ಸಾಧನೆ ಶುರು. ಅದು ಮುಗಿಯುವಾಗ ನಾನು ಪಡಸಾಲೆಯ ಕುರ್ಚಿಯಲ್ಲಿರಬೇಕೆಂಬುದು ಅಲಿಖಿತ ಕಾನೂನು. "ಹೇಗಿತ್ತು ಸಾರ್?" ಎಂದು ಕೇಳುವಳು. ಇಂಥ ಸಂದರ್ಭಕ್ಕೆಂದೇ ನನ್ನ ಬಳಿ ಮೂರು ವಾಕ್ಯಗಳಿದ್ದವು. ನಲವತ್ತು ವರ್ಷದಲ್ಲಿ ನಾಲ್ಕನೆಯದರ ಅಗತ್ಯ ಬಿದ್ದಿರಲಿಲ್ಲ. ಒಂದು, "ಭಾವ ಇದೆ." ಎರಡು, "ಇನ್ನೂ ಸ್ವಲ್ಪ ನಿಧಾನ ಇರಲಿ." ಮೂರು, "ಕೊನೆಗೆ ಬಂತಲ್ಲ, ಅದು." ಇವುಗಳನ್ನು ಸರದಿಯಂತೆ ಹೇಳುತ್ತಿದ್ದೆ. ಒಂದು ವಾರ ಕಳೆದ ಮೇಲೆ ಅವಳ ಕೈಯಲ್ಲಿ ಒಂದು ನೋಟ್‌ಬುಕ್ ಕಂಡೆ. ನನ್ನ ವಾಕ್ಯಗಳನ್ನು ಅವಳು ದಿನದ ಪ್ರಕಾರ ಬರೆದುಕೊಳ್ಳುತ್ತಿದ್ದಳು! 'ಮಂಗಳವಾರ: ಇನ್ನೂ ನಿಧಾನ. ಶುಕ್ರವಾರ: ಇನ್ನೂ ನಿಧಾನ.' ನಾನು ಹೇಳಿದ್ದನ್ನು ನನ್ನ ಮಗನೂ ಬರೆದುಕೊಂಡಿಲ್ಲ, ಕಚೇರಿಯ ಜವಾನನೂ ಬರೆದುಕೊಂಡಿಲ್ಲ. ನಿಜವಾಗಿಯೂ ಅವಳು ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದಳು. ಮೊದಲು ನನ್ನ ಒಂದು ಲೋಟ ಚಹಾಕ್ಕೆ ಮುಗಿಯುತ್ತಿದ್ದ ರಾಗ ಈಗ ಎರಡು ಲೋಟ ಹಿಡಿಯುತ್ತಿತ್ತು.

ಉಳಿದ ಮೂವರ ಕಛೇರಿಗಳು ಒಂದೊಂದೇ ಭಾನುವಾರ ಮುಗಿದು ಅವರು ಊರು ಸೇರಿದರು. ಸಹನಾಳದು ಕೊನೆಯದು, ಕಂಪ್ಲಿಯಲ್ಲಿ ಸಾಹುಕಾರರ ಗಿರಣಿಯ ಅಂಗಳದಲ್ಲಿ. ಅದಕ್ಕಾಗಿ ತನ್ನ ಕಮಾನನ್ನು, ಎಂದರೆ ಪಿಟೀಲಿನ ತಂತಿಯ ಮೇಲೆ ಎಳೆಯುವ ಕೋಲನ್ನು, ಬೆಂಗಳೂರಿಗೆ ಕಳಿಸಿ ಹೊಸ ಕುದುರೆಕೂದಲು ಕಟ್ಟಿಸಿದ್ದಳು. ಅದು ಶನಿವಾರ ಮಧ್ಯಾಹ್ನ ಕೊರಿಯರಿನಲ್ಲಿ ಬಂತು. ಗೌರಮ್ಮ, "ಹೊಸಾ ಸಾಮಾನು ಐತಿ, ಇವತ್ತೊಂದಿನ ದೇವರ ಮುಂದ ಇಡವ್ವಾ" ಎಂದಳು. ಹುಡುಗಿ ಭಕ್ತಿಯಿಂದ ಕಮಾನನ್ನೂ ಅದಕ್ಕೆ ಸಂಬಂಧಪಟ್ಟದ್ದನ್ನೂ ದೇವರ ಜಗಲಿಯ ಮೇಲಿಟ್ಟು ಕೈಮುಗಿದಳು. ಆಗ ನಾನು ಮನೆಯಲ್ಲಿರಲಿಲ್ಲ, ಕ್ಷೌರಕ್ಕೆ ಹೋಗಿದ್ದೆ. ಮಹಾನ್ ರಸಿಕನ ತಲೆ ನಾಳೆ ಹಿಂದಿನ ಸಾಲಿಗೂ ಕಾಣಬೇಕಲ್ಲ.

ಸಂಜೆ ಸ್ನಾನ ಮಾಡಿ, ವಿಭೂತಿ ಧರಿಸಿ, ದೇವರ ಮುಂದೆ ಕುಳಿತೆ. ಶನಿವಾರ ಸಂಜೆ ಧೂಪ ಹಾಕುವುದು ನಮ್ಮ ಮನೆಯಲ್ಲಿ ನನ್ನ ಅಪ್ಪನ ಕಾಲದಿಂದ ಬಂದದ್ದು, ಹಾಕುವವನು ಮನೆಯ ಯಜಮಾನನೇ. ಹೂವಿನ ತಟ್ಟೆಯ ಪಕ್ಕದಲ್ಲಿ ನೀಲಿ ಮಖಮಲ್ಲಿನ ತುಂಡು; ಬಿಡಿಸಿದರೆ ಒಳಗೆ ಜೇನಿನ ಬಣ್ಣದ ಒಂದು ಗಟ್ಟಿ, ದೀಪದ ಬೆಳಕಿಗೆ ಹೊಳೆಯುತ್ತಿದೆ. ಮೂಸಿದೆ. ಮರದ ಅಂಟಿನ ಸುವಾಸನೆ. ದೇವರ ಮುಂದೆ ಇಟ್ಟಿರುವ, ಸುವಾಸನೆಯುಳ್ಳ, ಗಟ್ಟಿ ಪದಾರ್ಥ ಏನಿರಬಹುದು? ನಮ್ಮ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ. ಎಷ್ಟು ಸಂಸ್ಕಾರದ ಹುಡುಗಿ, ಹೊರಡುವ ಮೊದಲು ನಮ್ಮ ದೇವರಿಗೆಂದು ಮೇಲ್ದರ್ಜೆಯ ಧೂಪ ತಂದಿದ್ದಾಳೆ ಎಂದು ಕಣ್ಣು ಒದ್ದೆಯಾಯಿತು. ಕುಟ್ಟಾಣಿಯಲ್ಲಿ ಕುಟ್ಟಿ ಕೆಂಡದ ಮೇಲೆ ಹಾಕಿದೆ. ಪೂರ್ತಿ ಹಾಕಿದೆ, ದೇವರ ವಿಷಯದಲ್ಲಿ ನನಗೆ ಜಿಪುಣತನವಿಲ್ಲ. ಭುಗ್ಗೆಂದು ಹೊಗೆಯೆದ್ದು ಮನೆ ತುಂಬಿತು. ಗೌರಮ್ಮ ಅಡುಗೆಮನೆಯಿಂದ ಕೆಮ್ಮುತ್ತ ಬಂದು, "ಏನ್ರಿ ಇದು, ಟಾರು ರೋಡು ಹಾಕಾಕ ಹತ್ತೀರೇನು?" ಎಂದಳು. "ಉತ್ತಮ ದರ್ಜೆಯ ಧೂಪ ಹೀಗೇ ಇರುತ್ತದೆ, ನಿನಗೆ ತಿಳಿಯುವುದಿಲ್ಲ" ಎಂದೆ. ಅಷ್ಟು ಹೊತ್ತಿಗೆ ಸಹನಾ ಅಂಗನವಾಡಿಯ ಮಕ್ಕಳಿಂದ ಬೀಳ್ಕೊಂಡು ಬರಲು ಹೋಗಿದ್ದಳು. ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು.

ಭಾನುವಾರ ಬೆಳಿಗ್ಗೆ ಎಂದಿನಂತೆ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದೆ. ಸಹನಾ ಪಿಟೀಲು ಎತ್ತಿಕೊಂಡ ಸಪ್ಪಳ ಕೇಳಿತು. ಕಮಾನು ಎಳೆಯುವ ಹೊತ್ತಾಯಿತೆಂದು ಅಂದಾಜಿಸಿ ತಲೆ ಅಲ್ಲಾಡಿಸಲು ತೊಡಗಿದೆ. ಸ್ವಲ್ಪ ಹೊತ್ತು ಎಡಕ್ಕೆ, ಸ್ವಲ್ಪ ಹೊತ್ತು ಬಲಕ್ಕೆ. ಒಂದು ಕಡೆ "ಆಹಾ" ಎಂದೂ ಅಂದ ನೆನಪು. ಯಾಕೋ ಇವತ್ತು ನುಡಿಸಾಣಿಕೆ ತುಂಬಾ ಮೃದುವಾಗಿದೆಯಲ್ಲ, ನನ್ನ ಎರಡನೆಯ ವಾಕ್ಯ ಇಷ್ಟು ಫಲ ಕೊಟ್ಟಿತೇ ಎಂದುಕೊಂಡು ಕಣ್ಣು ತೆರೆದೆ. ಸಹನಾ ನನ್ನನ್ನೇ ನೋಡುತ್ತಿದ್ದಳು. ಕಮಾನು ತಂತಿಯ ಮೇಲೆ ಹಿಂದೆ ಮುಂದೆ ಹೋಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಗಾಜಿನ ಮೇಲೆ ರೇಷ್ಮೆ ಎಳೆದಂತೆ ಅದು ಸುಮ್ಮನೆ ಜಾರುತ್ತಿತ್ತು.

"ಹೊಸ ಕೂದಲಿಗೆ ರೋಸಿನ್ ಹಚ್ಚದೆ ಸದ್ದೇ ಬರಲ್ಲ ಸಾರ್" ಎಂದಳು ಮೆಲ್ಲಗೆ. "ಹಚ್ಚೋಣ ಅಂತ ನೋಡಿದ್ರೆ ದೇವರ ಹತ್ರ ಬಟ್ಟೆ ಇದೆ, ಗಟ್ಟಿ ಇಲ್ಲ. ಜೇನಿನ ಬಣ್ಣದ್ದು. ನೀವು ನೋಡಿದ್ರಾ?"

ಹಂಪಿಯ ಬಂಡೆಗಳಲ್ಲಿ ಒಂದರ ಮೇಲೊಂದು ಈಗ ಬೀಳುತ್ತೇನೆ ಎನ್ನುವಂತೆ ನಿಂತವು ಇವೆಯಲ್ಲ, ಅವು ಆ ಕ್ಷಣ ಒಟ್ಟಿಗೆ ನನ್ನ ಎದೆಯ ಮೇಲೆ ಉರುಳಿದವು. ಪಕ್ಕದಲ್ಲಿ ಗೌರಮ್ಮ, "ಅಯ್ಯ, ನಿನ್ನಿ ಇವರು ಧೂ..." ಎಂದು ಬಾಯಿ ತೆಗೆದಳು. ನಾನು ಜೀವಮಾನದಲ್ಲೇ ದೊಡ್ಡದೊಂದು ಕೆಮ್ಮು ಕೆಮ್ಮಿದೆ. "ಇಲ್ಲೇ ಎಲ್ಲೋ ಇರತೈತಿ ಬಿಡವ್ವ, ಇಲಿ ಎಳದಿದ್ದೀತು, ಹುಡುಕು" ಎಂದುಬಿಟ್ಟೆ. ಆ ಮಗು ಮಂಚದ ಕೆಳಗೆ ತೂರಿ ಇಲಿ ಎಳೆದ ಗಟ್ಟಿಯನ್ನು ಹುಡುಕತೊಡಗಿತು. ಅವಳ ಬಳಿ ಇನ್ನೊಂದು ಗಟ್ಟಿ ಇತ್ತು; ಸಂಡೂರಿಗೆ ಬಂದಿದ್ದ ವಾದಕ ಹುಡುಗನದು ಒಡೆಯಿತೆಂದು ಅದನ್ನು ಅವನಿಗೆ ಕೊಟ್ಟಿದ್ದಳು. ಅವನು ಹೋಗಿ ವಾರವಾಗಿತ್ತು.

ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು. "ಹೇಳ್ರಿ ಆಕೀಗೆ" ಎಂದಳು ಗೌರಮ್ಮ.

"ಹೇಳತೇನಿ. ಮೊದಲ ಒಂದು ಹುಡುಕಿ ತರತೇನಿ, ಆಮ್ಯಾಲ ಹೇಳತೇನಿ."

"ನಲವತ್ತು ವರ್ಷ ಪಿಟೀಲು ಕೇಳಿದೋರು ನೀವು. ಪಿಟೀಲಿಗೆ ಏನು ಹಚ್ತಾರ ಅಂತ ಒಂದಿನಾನೂ ಕಣ್ಣು ತೆರದು ನೋಡ್ಲಿಲ್ಲೇನ್ರಿ?"

ಚೀಲ ತೆಗೆದುಕೊಂಡು ಹೊರಬಿದ್ದೆ. ಭಾನುವಾರ. ಹಾರ್ಮೋನಿಯಂ ರಿಪೇರಿ ಮಾಡುವ ನಮ್ಮೂರ ಒಂದೇ ಅಂಗಡಿಗೆ ಬೀಗ. ಮೊಬೈಲ್ ರಿಪೇರಿ ಅಂಗಡಿಯವನು "ಆನ್‌ಲೈನ್ ಹಾಕ್ರಿ ಅಂಕಲ್, ಬುಧವಾರಕ್ಕ ಮಸ್ತ್ ಬರತೈತಿ" ಎಂದ. ಕೊನೆಗೆ ಪೂಜಾಸಾಮಾನಿನ ಅಂಗಡಿಯ ಮುದುಕರ ಮುಂದೆ ನಿಂತು, ಜೇನಿನ ಬಣ್ಣ, ಮರದ ಅಂಟು, ಸುಟ್ಟರೆ ಟಾರಿನಂಥ ಹೊಗೆ ಎಂದು ವರ್ಣಿಸಿದೆ. ಕಳೆದುಹೋದ ಮಗುವಿನ ಗುರುತು ಹೇಳಿದಂತಾಯಿತು.

"ರಾಳ ಅಲ್ಲೇನ್ರಿ ಅದು?" ಎಂದರು ಮುದುಕರು. "ಖಾಲಿ ಆಗೈತಿ. ಪಾಪಿನಾಯಕನಹಳ್ಳಿ ಬಯಲಾಟದ ಹನುಮಂತಪ್ಪ ಮೊನ್ನಿ ಇದ್ದದ್ದೆಲ್ಲಾ ಬಳಕೊಂಡು ಹೋದ. ಅವನ ಕಡೆ ಕೇಳ್ರಿ."

ಬಯಲಾಟದಲ್ಲಿ ರಾಕ್ಷಸ ರಂಗಕ್ಕೆ ಬರುವಾಗ ಉರಿಯುವ ದೀವಟಿಗೆಗೆ ಒಂದು ಪುಡಿ ಎರಚುತ್ತಾರೆ. ಬೆಂಕಿ ಆಳೆತ್ತರ ಭುಗಿಲೇಳುತ್ತದೆ, ಮುಂದೆ ಕುಳಿತ ಮಕ್ಕಳು ಹಿಂದಕ್ಕೆ ಓಡುತ್ತವೆ. ಆ ಪುಡಿ ರಾಳ. ಅದನ್ನು ಚಿಕ್ಕಂದಿನಲ್ಲಿ ನೋಡಿ ಓಡಿದವರಲ್ಲಿ ನಾನೂ ಒಬ್ಬ. ಆಟೋ ಹಿಡಿದು ಪಾಪಿನಾಯಕನಹಳ್ಳಿಗೆ ಹೋದರೆ, ಹನುಮಂತಪ್ಪ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದ. ನನ್ನದೇ ವಯಸ್ಸು, ಊರಿಗೆ ಬಯಲಾಟ ಕಲಿಸುವ ಮೇಷ್ಟ್ರು, ಸ್ವತಃ ಮೂವತ್ತು ವರ್ಷ ರಾಕ್ಷಸನಾಗಿ ಕುಣಿದವನು. ಅವನ ಧ್ವನಿಯನ್ನು ಈಗಲೂ ಎರಡು ಓಣಿಯ ಆಚೆ ಕೇಳಬಹುದು.

"ರಾಳ ಯಾವ ಆಟಕ್ಕ ಬೇಕಾಗಿತ್ರಿ?"

"ಆಟಕ್ಕಲ್ಲ. ಪಿಟೀಲಿಗೆ."

"ಗೊತ್ತೈತಿ. ನಮ್ಮಪ್ಪನ ಮ್ಯಾಳದಾಗ ಪಿಟೀಲು ಇತ್ತು. ಹಂಗಾರ ಅವರ ಹತ್ರ ಇದ್ದದ್ದು ಏನಾತು?"

ಅಲ್ಲಿ ಯಾರೂ ನನ್ನನ್ನು ರಸಿಕನೆಂದು ಬಲ್ಲವರಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ಬಾಯಿಂದ ಸತ್ಯ ಹೊರಬಿತ್ತು. "ಸುಟ್ಟೆ."

"ಏನಂದ್ರಿ?"

"ಧೂಪ ಅಂತ ತಿಳದು ದೇವರ ಮುಂದ ಸುಟ್ಟೆ."

ಹನುಮಂತಪ್ಪ ಒಂದು ಗಳಿಗೆ ನನ್ನ ವಿಭೂತಿಯನ್ನು ನೋಡಿದ, ನನ್ನ ಚೀಲವನ್ನು ನೋಡಿದ, ಆಮೇಲೆ ಮೆಕ್ಕೆಜೋಳದ ರಾಶಿಯ ಮೇಲೆಯೇ ಕುಳಿತು ನಗತೊಡಗಿದ. ಅದು ರಂಗದ ನಗು. ಮೂವತ್ತು ವರ್ಷದ ಅನುಭವ ಅದರಲ್ಲಿತ್ತು. ಕೋಳಿಗಳು ಚದುರಿದವು. "ನಾವು ರಾಕ್ಷಸಗ ಹೊಡಿಯೋದನ್ನ ನೀವು ದೇವರಿಗೆ ಹೊಡದ್ರಿ! ಭಲೇ ಸರ್, ಭಲೇ!" ಎಂದು ಎದ್ದು, ಒಳಗಿನಿಂದ ಒಂದು ಗಂಟು ತಂದ. "ನಾನೂ ಬರತೇನಿ ನಡ್ರಿ. ಇದನ್ನ ಕಾಸಿ ಗಟ್ಟಿ ಮಾಡೋದು ನಿಮ್ಮ ಕಡಿಂದ ಆಗಂಗಿಲ್ಲ. ಮತ್ತ ಸುಟ್ಟುಗಿಟ್ಟೀರಿ."

ಮನೆಗೆ ಬಂದು ಅವನು ಗೌರಮ್ಮನ ಹಳೆಯ ಸೌಟು ಕೇಳಿ ಪಡೆದು, ರಾಳದ ಒಳ್ಳೆಯ ಹರಳುಗಳನ್ನು ಆರಿಸಿ, ಸಣ್ಣ ಉರಿಯಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಖಾಲಿ ಕಡ್ಡಿಪೆಟ್ಟಿಗೆಯೊಳಗೆ ಸುರಿದ. ಇಲಿ ಎಳೆದದ್ದು ಇನ್ನೂ ಸಿಕ್ಕಿಲ್ಲವೆಂದು ಅವನಿಗೆ ಹೇಳಿ ಸಹನಾ ಪಕ್ಕದಲ್ಲಿ ಕುಳಿತು ನೋಡಿದಳು. ನಾನು ಸರಿಯಾದ ಮುಹೂರ್ತ ನೋಡಿ, ಸರಿಯಾದ ಶಬ್ದಗಳಲ್ಲಿ ವಿಷಯ ತಿಳಿಸಬೇಕೆಂದು ಮನಸ್ಸಿನಲ್ಲೇ ಕರಡು ತಿದ್ದುತ್ತಿದ್ದೆ. ಅಷ್ಟರಲ್ಲಿ ಎರಡು ಓಣಿಯಾಚೆ ಕೇಳುವ ಧ್ವನಿಯಲ್ಲಿ ಹನುಮಂತಪ್ಪ, "ಇಲಿಗಿಲಿ ಏನಿಲ್ಲವ್ವ, ನಿಮ್ಮ ಸರ್ ಧೂಪ ಹಾಕ್ಯಾರ" ಎಂದ.

ಸಹನಾ ನನ್ನ ಕಡೆ ತಿರುಗಿದಳು. ಮಂಚದ ಕೆಳಗಿನ ಧೂಳು ಇನ್ನೂ ಅವಳ ಹಣೆಯ ಮೇಲಿತ್ತು. "ಹೇಗಿತ್ತು ಸಾರ್ ಧೂಪ?" ಎಂದಳು.

ಅಭ್ಯಾಸಬಲ ಎಂಬುದು ಎಷ್ಟು ಘೋರವಾದದ್ದು ಎಂದು ನನಗೆ ಅಂದೇ ತಿಳಿದದ್ದು. "ಭಾವ ಇತ್ತು" ಎಂದುಬಿಟ್ಟೆ.

ನಗುತ್ತಾಳೆಂದುಕೊಂಡೆ. ಅವಳು ನಗಲಿಲ್ಲ. "ಬೆಳಿಗ್ಗೆ ಕಮಾನಿಂದ ಸದ್ದೇ ಬರ್ತಿರಲಿಲ್ಲ. ನೀವು ತಲೆ ಆಡಿಸ್ತಿದ್ರಿ" ಎಂದಳು. "ಮೂರು ವಾರ ನೀವು ಹೇಳಿದ್ದನ್ನೆಲ್ಲ ಬರ್ಕೊಂಡೆ ಸಾರ್. ನಿಧಾನ ಅಂದ್ರಿ, ನಿಧಾನ ಮಾಡಿದೆ. ನನ್ನ ನುಡಿಸಾಣಿಕೆ ನನಗೇ ಗುರುತು ಸಿಗದಂಗಾಗಿದೆ. ಒಂದು ಸಲವಾದ್ರೂ ಕೇಳಿದ್ರಾ?"

ಸರ್ಕಾರಿ ನೌಕರಿಯಲ್ಲಿ ನನಗೆ ಎರಡು ಸಲ ಮೆಮೋ ಬಂದಿದೆ. ಎರಡಕ್ಕೂ ಉತ್ತರ ಬರೆದಿದ್ದೆ. ಇದು ಮೂರನೆಯದು. "ಇಲ್ಲವ್ವ" ಎಂದೆ. "ನನಗ ಸಂಗೀತ ಬರಂಗಿಲ್ಲ. ಒಂದು ಅಕ್ಷರಾನೂ ಬರಂಗಿಲ್ಲ."

ಗೌರಮ್ಮ ತಲೆ ತಗ್ಗಿಸಿದಳು. ಹನುಮಂತಪ್ಪ ಸೌಟನ್ನು ಕೆಳಗಿಟ್ಟ. ಸಹನಾ ನೋಟ್‌ಬುಕ್ ತಂದು, ನನ್ನ ವಾಕ್ಯಗಳಿದ್ದ ಪುಟಗಳನ್ನು ಹರಿಯಲೂ ಇಲ್ಲ, ಬಿಸಾಡಲೂ ಇಲ್ಲ. ಮಡಿಸಿ ನನ್ನ ಕೈಗೆ ಕೊಟ್ಟಳು. "ಇವತ್ತು ತಲೆ ಆಡಿಸಬೇಡಿ ಸಾರ್. ಸುಮ್ಮನೆ ಕೇಳಿ, ಸಾಕು." "ಆಗಲವ್ವ" ಎಂದು ಮಾತು ಕೊಟ್ಟೆ. ಕಡ್ಡಿಪೆಟ್ಟಿಗೆಯ ಕಾಗದ ಸುಲಿದು ಗಟ್ಟಿಯನ್ನು ಕಮಾನಿಗೆ ತಿಕ್ಕಿದಳು. ಬಿಳಿ ಪುಡಿ ಉದುರಿತು. ಎಳೆದಳು. ಸದ್ದು ಬಂತು, ಸ್ವಲ್ಪ ಒರಟು, ಆದರೆ ಗಟ್ಟಿ. "ಹಿಡೀತದೆ" ಎಂದಳು, ನನಗಲ್ಲ, ಹನುಮಂತಪ್ಪನಿಗೆ.

ಸಂಜೆ ಗಿರಣಿಯ ಅಂಗಳದಲ್ಲಿ ಮುನ್ನೂರು ಜನ. ಸಾಹುಕಾರರು ಯಂತ್ರ ನಿಲ್ಲಿಸಿದ್ದರು. ಹಗಲೆಲ್ಲ ಗಡಗಡಿಸುವ ಜಾಗ ಸುಮ್ಮನಾದರೆ ಕಿವಿಯೇ ದೊಡ್ಡದಾದಂತಾಗುತ್ತದೆ. ಹಮಾಲರು ಅಕ್ಕಿಯ ಮೂಟೆಗಳ ಮೇಲೆ, ಊರಿನವರು ಬತ್ತ ಒಣಹಾಕುವ ನೆಲದ ಮೇಲೆ, ನನ್ನ ಹಳೆಯ ಹಿಂಬಾಲಕರು ಕುರ್ಚಿಗಳ ಮೇಲೆ. ಮುಂದಿನ ಸಾಲಿನ ನಡುವಿನ ಕುರ್ಚಿ ನನ್ನ ದಾರಿ ಕಾಯುತ್ತಿತ್ತು. ವೇದಿಕೆಯ ನಟ್ಟನಡುವೆ ಸಹನಾ. ಅವಳಿಗೂ ನನಗೂ ನಡುವೆ ಹತ್ತು ಮಾರು.

ಮೊದಲ ಕೃತಿ ಚುರುಕಾಗಿತ್ತು. ನಿಧಾನದ ಸುಳಿವೂ ಇರಲಿಲ್ಲ. ನಾನು ಕೊಟ್ಟ ಮಾತಿನಂತೆ ಕಂಬವಾಗಿ ಕುಳಿತಿದ್ದೆ. ಕಣ್ಣು ಮುಚ್ಚಲೂ ಧೈರ್ಯವಿಲ್ಲ. ರಾಳ ಹಿಡಿಯುತ್ತದೋ ಜಾರುತ್ತದೋ ಎಂದು ಕಮಾನಿನ ತುದಿಯನ್ನೇ ನೋಡುತ್ತಿದ್ದೆ. ಕೃತಿ ಮುಗಿಯಿತು. ಚಪ್ಪಾಳೆ ಇಲ್ಲ! ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಹಿಂದೆ ತಿರುಗಿ ನೋಡಿದರೆ ಮುನ್ನೂರು ಜನ ನನ್ನ ತಲೆಯನ್ನು ನೋಡುತ್ತಿದ್ದಾರೆ. ಗೇಟು ಎತ್ತುವವನು ಗೇಟು ಎತ್ತಿಲ್ಲ. ಮೂಟೆಗಳ ಕಡೆಯಿಂದ ಹನುಮಂತಪ್ಪ ಒಬ್ಬನೇ ಪಟಪಟ ಹೊಡೆದ. ಎಲ್ಲರೂ ಅವನನ್ನು ತಿರುಗಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವನು ಗಾಬರಿಯಾಗಿ ಕೈ ಮಡಿಲಲ್ಲಿಟ್ಟುಕೊಂಡ.

ಸಹನಾಳ ಮುಖದಲ್ಲಿ ರಕ್ತವಿರಲಿಲ್ಲ. ಎರಡನೆಯದು ನುಡಿಸಿದಳು. ಮತ್ತೆ ಅದೇ ಮೌನ. ಸಾಹುಕಾರರು ಬಗ್ಗಿ ನನ್ನ ಕಿವಿಯಲ್ಲಿ, "ಏನಾತ್ರಿ ಸರ್, ಭಾಳ ತಪ್ಪು ನುಡಸಾಕ ಹತ್ಯಾಳೇನು?" ಎಂದರು. ಒಂದು ಸಲ, ಒಂದೇ ಒಂದು ಸಲ ತಲೆ ತೂಗಿದರೆ ಸಾಕು, ಹುಡುಗಿ ಉಳಿಯುತ್ತಾಳೆ. ತೂಗಿದರೆ ಅದು ಅವಳಿಗೆ ಕೊಟ್ಟ ಮಾತಿಗೆ ವಿರುದ್ಧ, ಮತ್ತೂ ಒಂದು ಸುಳ್ಳು. ತೂಗದಿದ್ದರೆ ನಾಳೆಯಿಂದ ಅವಳು ಮತ್ತೆ ಪಕ್ಕಕ್ಕೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ತಲೆಯಿಂದ ಒಬ್ಬರಿಗೆ ಉಪಯೋಗವಾಗಬಹುದಾದ ಹೊತ್ತು, ಅದನ್ನು ಬಳಸದಂತೆ ಆಣೆ. "ಕೇಳಾಕ ಹತ್ತೇನಿ, ಸುಮ್ಮನಿರ್ರಿ" ಎಂದು ಗದರಿ, ಎರಡೂ ಕೈ ಗಲ್ಲಕ್ಕೆ ಆನಿಸಿ ತಲೆಯನ್ನು ಹಿಡಿದುಕೊಂಡೆ.

ಮೂರನೆಯದು ಕಲ್ಯಾಣಿ ರಾಗವಂತೆ. ಅವಳು ಈಗ ಜನರ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಹೋದರೆ ಹೋಗಲಿ ಎಂದು ನಿರ್ಧರಿಸಿದವರ ಹಾಗೆ ಕಮಾನು ಇಟ್ಟಳು. ನನಗೆ ಅದರ ಬಗ್ಗೆ ಏನು ಹೇಳಲೂ ಬಾರದು, ಮೂರು ವಾಕ್ಯಗಳನ್ನೂ ಅವಳು ವಾಪಸು ಕೊಟ್ಟಿದ್ದಾಳೆ. ಇಷ್ಟು ಹೇಳಬಲ್ಲೆ: ಸ್ವರ ಒಂದು ಕಡೆ ಹೋಗಿ ನಿಂತು, ಇನ್ನು ಇಳಿಯುತ್ತದೆ ಎಂದು ನಾನು ಕಾದಿದ್ದಾಗ, ಇಳಿಯದೆ ಇನ್ನೊಂದು ಮೆಟ್ಟಿಲು ಹತ್ತಿತು. ಅಲ್ಲಿ ಏನೋ ಆಯಿತು. ಗಲ್ಲದ ಕೈ ಜಾರಿತು. ನನ್ನ ತಲೆ ಎಡದಿಂದ ಬಲಕ್ಕೆ ಒಂದು ಸಲ ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು.

ಐವತ್ತು ನಿಮಿಷದಿಂದ ಕಟ್ಟಿಹೋಗಿದ್ದ ಮುನ್ನೂರು ಜನ, ರಾಗ ಮುಗಿಯುವುದನ್ನೂ ಕಾಯದೆ, ಅಣೆಕಟ್ಟಿನ ಮೂವತ್ತಮೂರು ಗೇಟೂ ಒಮ್ಮೆಗೇ ಎತ್ತಿದಂತೆ ಚಪ್ಪಾಳೆ ಹೊಡೆದರು. ಹಮಾಲರು ಸಿಳ್ಳೆ ಹಾಕಿದರು. ಹನುಮಂತಪ್ಪನ "ಭಲೇ" ಗಿರಣಿಯ ತಗಡಿಗೆ ಬಡಿದು ಮರಳಿ ಬಂತು. ಸಹನಾ ಬೆಚ್ಚಿಬಿದ್ದು ನನ್ನತ್ತ ನೋಡಿದಳು. ನಾನು ಅಪರಾಧಿಯಂತೆ ಕೈ ಮುಗಿದೆ. ಅವಳು ಕಮಾನು ಎತ್ತಿಕೊಂಡು ಅದೇ ಸ್ವರವನ್ನು ಇನ್ನೊಮ್ಮೆ ಹಿಡಿದಳು, ಈ ಸಲ ನಗುತ್ತ. ಆಮೇಲಿನ ಒಂದೂವರೆ ಗಂಟೆಯಲ್ಲಿ ಜನ ನನ್ನ ತಲೆಯನ್ನು ನೋಡಿದ್ದು ಕಡಿಮೆ.

ಮರುದಿನ ಬಸ್ಸು ಹತ್ತುವಾಗ, "ತಲೆ ಆಡಿಸಬೇಡಿ ಅಂದಿದ್ದೆ" ಎಂದಳು. "ನಾನು ಆಡಿಸಲಿಲ್ಲವ್ವ" ಎಂದೆ. "ಗೊತ್ತಾಯ್ತು ಸಾರ್" ಎಂದು ಗೌರಮ್ಮನ ಕಾಲಿಗೆ ನಮಸ್ಕರಿಸಿ ಹೋದಳು. ಮುಂದಿನ ತಿಂಗಳು ಅವಳಿಗೆ ಬಳ್ಳಾರಿಯಲ್ಲಿ ಕಛೇರಿ ಇದೆಯಂತೆ. ನಡುವೆ ಕೂತು. ಕಡ್ಡಿಪೆಟ್ಟಿಗೆಯ ಗಟ್ಟಿಯನ್ನೇ ಬಳಸುತ್ತಿದ್ದಾಳಂತೆ. ಹನುಮಂತಪ್ಪನಿಗೆ ಇನ್ನೆರಡು ಮಾಡಿಕೊಡಲು ಹೇಳಿದ್ದಾಳೆ.

ನನ್ನ ಸ್ಥಿತಿಯೇ ಶೋಚನೀಯ. ಸತ್ಯ ಹೊರಬಂದು ಮಾನ ಹೋಗುತ್ತದೆಂದು ಹೆದರಿದ್ದೆ. ಆದದ್ದು ಅದಕ್ಕಿಂತ ಘೋರ: ಮಾನ ಇಮ್ಮಡಿಯಾಯಿತು. 'ಸರ್ ಈಗ ಇಡೀ ಕಛೇರಿಗೆ ಒಂದೇ ಸಲ ತಲೆ ತೂಗ್ತಾರ, ಅಷ್ಟು ಮ್ಯಾಲಕ್ಕ ಹೋಗ್ಯಾರ' ಎಂಬ ಸುದ್ದಿ ಸಂಡೂರು ದಾಟಿ ತೋರಣಗಲ್ಲಿನ ಕಾರ್ಖಾನೆಯ ಕ್ವಾರ್ಟರ್ಸಿನವರೆಗೆ ಹೋಗಿದೆ. ಮೊನ್ನೆ ಒಂದು ಕೊಳಲು ಕಛೇರಿ. ಮುಂದಿನ ಸಾಲು ಪೂರ್ತಿ ಕಂಬಗಳಂತೆ ಕುಳಿತು ಆ ಒಂದು ಸಲಕ್ಕಾಗಿ ಕಾಯುತ್ತಿತ್ತು. ಅದು ಎಲ್ಲಿ ಬರುತ್ತದೆಂದು ನನಗೇನು ಗೊತ್ತು? ಬರುವ ತನಕ ಎರಡು ಗಂಟೆ ಕಣ್ಣು ಬಿಟ್ಟು, ಕಿವಿ ನಿಮಿರಿಸಿ, ಪ್ರತಿ ಸ್ವರವನ್ನೂ ಕಾಯಬೇಕಾಯಿತು. ಬರಲೇ ಇಲ್ಲ. ನಲವತ್ತು ವರ್ಷ ಕಛೇರಿಗಳಲ್ಲಿ ನಾನು ಪಟ್ಟ ಸುಖ ಯಾವುದೋ, ಅದು ಹೋಯಿತು.

ಮನೆಗೆ ಬಂದು ಗೌರಮ್ಮನ ಮುಂದೆ ಅದನ್ನೇ ತೋಡಿಕೊಂಡೆ. "ಕಛೇರ್ಯಾಗ ಕುಂತ್ರ ನಿದ್ದಿನ ಬರವಲ್ದು."

ಅವಳು ಧೂಪದ ಡಬ್ಬಿಯ ಮೇಲೆ 'ಧೂಪ' ಎಂದು ದೊಡ್ಡಕ್ಷರದಲ್ಲಿ ಬರೆದು ಚೀಟಿ ಅಂಟಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಹಂಗಾರ ಈಗ ಶುರು ಆತು ಬಿಡ್ರಿ ನಿಮ್ಮ ಸಂಗೀತ."